ಜೇಕು ಕಿತ್ತ ಬೇಸಿಗೆ

ಶಿಕಾರಿಪುರದ ನಮ್ಮ ಮನೆಯ ಮುಂದೆ ಹುಲ್ಲಿತ್ತು. ತಾನಾಗಿ ಹುಟ್ಟಿದ ಹುಲ್ಲಲ್ಲ. ಅಪ್ಪ ಗೆಣ್ಣು ಗೆಣ್ಣಾಗಿ ನೆಟ್ಟು, ನೀರುಣಿಸಿ, ಕತ್ತರಿ ಆಡಿಸಿ ಬೆಳೆಸಿದ ಗರಿಕೆ. ಓಣಿಯ ಉಳಿದ ಮನೆಗಳ ಮುಂದೆ ಸಗಣಿ ಸಾರಿಸಿದ ಅಂಗಳಗಳಿದ್ದವು. ಅಲ್ಲಿ ಸಂಡಿಗೆ ಒಣಗುತ್ತಿತ್ತು, ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು, ಹೆಂಗಸರು ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದರು. ನಮ್ಮಲ್ಲಿ ಇದ್ಯಾವುದೂ ಇರಲಿಲ್ಲ. ಗೇಟಿನಿಂದ ಪಡಸಾಲೆಯ ಮೆಟ್ಟಿಲಿನವರೆಗೆ ಒಂದಡಿ ಅಗಲದ ಚಪ್ಪಡಿ ಕಲ್ಲಿನ ದಾರಿ. ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಎದುರಿಗೆ ಯಾರಾದರೂ ಬಂದರೆ ಒಬ್ಬರು ಹಿಂದೆ ಹೋಗಿ ದಾರಿ ಬಿಡಬೇಕು. ಹುಲ್ಲಿನ ಮೇಲೆ ಸುಮ್ಮನೆ ಕಾಲಿಡುವ ಹಕ್ಕು ಅಪ್ಪನಿಗೆ ಮಾತ್ರ. ನಾವು ಕಾಲಿಡುತ್ತಿದ್ದುದು ಕೆಲಸ ಮಾಡುವುದಕ್ಕೆ. ಸಂಜೆ ಅಪ್ಪ ಭತ್ತದ ಮಂಡಿಯಿಂದ ಬಂದು, ಕೈಕಾಲು ತೊಳೆದು, ಲಿಂಗಪೂಜೆ ಮುಗಿಸಿ, ನಡುಹುಲ್ಲಿನಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅವ್ವ ಚಪ್ಪಡಿಯ ಮೇಲೆ ನಿಂತು, ತೋಳು ಎಷ್ಟು ದೂರ ಹೋಗುತ್ತದೋ ಅಷ್ಟು ಚಾಚಿ ಚಹಾದ ಲೋಟ ಕೊಡುತ್ತಿದ್ದಳು. ಅಪ್ಪ ಕುರ್ಚಿಯಿಂದ ಬಾಗಿ ತೆಗೆದುಕೊಳ್ಳುತ್ತಿದ್ದ. ಇಬ್ಬರ ನಡುವೆ ಲೋಟ ಒಂದೆರಡು ಸಲ ಬಿದ್ದದ್ದೂ ಉಂಟು. ಆದರೂ ಅವ್ವ ಕಲ್ಲು ಬಿಟ್ಟು ಇಳಿಯಲಿಲ್ಲ.

ಅಜ್ಜಿಗೆ, ಅಂದರೆ ಅಪ್ಪನ ಅವ್ವನಿಗೆ, ಆ ಹುಲ್ಲು ಕಂಡರಾಗುತ್ತಿರಲಿಲ್ಲ. ರಂಗೋಲಿ ಹಾಕಲು ಅವಳಿಗೆ ಉಳಿದದ್ದು ಗೇಟಿನ ಹೊರಗಿನ ಒಂದು ಗೇಣು ಜಾಗ. ಅದನ್ನೂ ದನ ತುಳಿದು ಹೋಗುತ್ತಿದ್ದವು. ಪ್ರತಿ ಸಲ ಅಪ್ಪ ಕತ್ತರಿ ಹಿಡಿದು ಕೂತಾಗ ಅವಳು ಪಡಸಾಲೆಯ ಕಂಬಕ್ಕೆ ಒರಗಿ ಶುರು ಮಾಡುತ್ತಿದ್ದಳು.

"ನಿಮ್ಮಪ್ಪ ಹೊಲ್ದಾಗೆ ಗರಿಕೆ ಅಗ್ದೂ ಅಗ್ದೂ ಬೆನ್ನು ಮುರ್ಕೊಂಡ. ನೀನು ಅದನ್ನೇ ಹುಡುಕಿ ತಂದು ಬಾಗಿಲಾಗೆ ನೆಟ್ಟೀಯ. ಬಾಗಿಲಾಗೆ ಹುಲ್ಲು ಹುಟ್ಟಿದ್ರೆ ಆ ಮನಿ ಹಾಳುಬಿದ್ದೈತೆ ಅಂತಾರೆ ಜನ."

"ಹುಟ್ಟಿದ್ರೆ ಹಾಳು. ಇದು ಬೆಳೆಸಿದ್ದು."

"ನೋಡೋರಿಗೆ ಹೆಂಗೆ ತಿಳೀಬೇಕು? ಒಂದು ಬೋರ್ಡು ಬರೆಸಿ ಹಾಕು."

ಅಪ್ಪನಿಗೆ ಹುಲ್ಲಿನ ಹುಚ್ಚು ಯಾಕೆ ಹಿಡಿಯಿತೆಂದು ಅವನು ಒಂದೇ ಒಂದು ಸಲ ಹೇಳಿದ್ದ, ಊಟದ ತಟ್ಟೆಯ ಮುಂದೆ, ರೊಟ್ಟಿ ಮುರಿಯುತ್ತಾ. ಚಿಕ್ಕವನಿದ್ದಾಗ ಜಮೀನಿನ ಯಾವುದೋ ತಕರಾರಿಗೆ ಅವನ ಅಪ್ಪನ ಜೊತೆ ಅಧಿಕಾರಿಗಳು ಇಳಿದುಕೊಂಡಿದ್ದ ಬಂಗಲೆಗೆ ಹೋಗಿದ್ದನಂತೆ. ಅವರು ಹಸಿರು ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಜ್ಜ ಹುಲ್ಲಿನ ಅಂಚಿನ ಜಲ್ಲಿಕಲ್ಲಿನ ಮೇಲೆ, ಚಪ್ಪಲಿ ಕೈಯಲ್ಲಿ ಹಿಡಿದು, ಮಧ್ಯಾಹ್ನದವರೆಗೂ ನಿಂತಿದ್ದ. ಇಷ್ಟು ಹೇಳಿ ಅಪ್ಪ ಪಲ್ಯ ಹಾಕಿಸಿಕೊಂಡ. ನಮ್ಮನ್ನೆಲ್ಲ ಕಲ್ಲಿನ ಮೇಲೆ ನಿಲ್ಲಿಸಿದವನ ಮೇಲೆ ನನಗೆ ಪೂರ್ತಿ ಸಿಟ್ಟು ಬರದಂತೆ ಮಾಡಿದ್ದು ಆ ಮಾತು.

ಆ ಬಂಗಲೆಯ ಹುಲ್ಲನ್ನು ಆಗ ನೋಡಿಕೊಳ್ಳುತ್ತಿದ್ದವರು ಖಾದರ್ ಸಾಬರು. ಶಿವರಾತ್ರಿ ಹತ್ತಿರ ಬಂದಾಗ ಅಪ್ಪ ಅವರನ್ನು ಕರೆಸುತ್ತಿದ್ದ. ಅವರು ಲುಂಗಿ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತು, ಹುಲ್ಲಿನೊಳಗೆ ಬೆರಳು ತೂರಿಸಿ, ಮಗುವಿನ ತಲೆಯಲ್ಲಿ ಹೇನು ನೋಡುವಂತೆ ನೋಡುತ್ತಿದ್ದರು. ಚಳಿ ಕಳೆದು ಹುಲ್ಲು ಎಚ್ಚರಾಗುವ ಹೊತ್ತು ಅದು. ಶಿವರಾತ್ರಿಗೂ ಮೊದಲ ಮಳೆಗೂ ನಡುವೆ ಏನು ಮಾಡುತ್ತೇವೋ ಅದೇ ವರ್ಷವಿಡೀ ಉಳಿಯುತ್ತದೆ ಎನ್ನುತ್ತಿದ್ದರು. ಬುಡದವರೆಗೆ ಬೋಳಿಸಬಾರದು. ದಿನಾ ಚಿಮುಕಿಸಬಾರದು, ನಾಲ್ಕೈದು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು ಬಿಡಬೇಕು, ಆಗ ಬೇರು ಕೆಳಗೆ ಹೋಗುತ್ತದೆ. ಗೊಬ್ಬರ ಪೂರ್ತಿ ಕಳಿತಿರಬೇಕು, ಜರಡಿ ಹಿಡಿದಿರಬೇಕು.

"ಸಾವ್ಕಾರ್ರೇ, ಕಳೆ ಕಿತ್ತು ಕಿತ್ತು ಗೆದ್ದೋರಿಲ್ಲ. ಅದಕ್ಕೆ ಜಾಗ ಕೊಡಬಾರ್ದು. ಹುಲ್ಲು ದಟ್ಟಗಿದ್ರೆ ಬೀಜ ಬಿದ್ರೂ ಮಣ್ಣು ಮುಟ್ಟಲ್ಲ."

ಈ ಮಾತುಗಳನ್ನು ಅಪ್ಪ ಕೇಳುತ್ತಿದ್ದ. ಕೆಲಸ ಮಾಡುತ್ತಿದ್ದವಳು ನಾನು. ಏಳನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ನಾನು ದೊಡ್ಡವಳಾದೆ. ಇನ್ನು ಓದು ಸಾಕು ಎಂದಳು ಅಜ್ಜಿ. ಅಪ್ಪನೂ ಸಾಕು ಎಂದ. ಅವ್ವ ಏನೂ ಹೇಳಲಿಲ್ಲ. ಮೂರು ವರ್ಷದ ನಂತರ ತಂಗಿ ಮಂಗಳಾಳ ಸರದಿ ಬಂದಾಗ ಮಾತ್ರ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಬ್ಳಾದ್ರೂ ಓದ್ಲಿ," ಎಂದಳು. ಅಪ್ಪ ಕೇಳದಿದ್ದಾಗ ಅವನೊಂದಿಗೆ ಮಾತು ಬಿಟ್ಟಳು. ಎಂಟು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕೊನೆಗೆ ಮಂಗಳಾ ಹೈಸ್ಕೂಲಿಗೆ ಸೇರಿದಳು. ನನಗಾಗಿ ಅವ್ವ ಒಂದು ದಿನವೂ ಮಾತು ಬಿಟ್ಟಿರಲಿಲ್ಲ ಎಂಬುದನ್ನು ನಾನು ಆಗಲೇ ಎಣಿಸಿ ಇಟ್ಟುಕೊಂಡೆ. ಬೆಳಿಗ್ಗೆ ಹುಲ್ಲಿನಲ್ಲಿ ಕೂತು ಕಳೆ ಆರಿಸುವಾಗ ಗೇಟಿನ ಸರಳುಗಳ ಆಚೆ ನೀಲಿ ಲಂಗದ ಹುಡುಗಿಯರು ಹೋಗುತ್ತಿದ್ದರು. ಅವರಲ್ಲಿ ನನ್ನ ತಂಗಿಯೂ ಇದ್ದಳು. ಮೂಲೆ ತಿರುಗುವ ಮೊದಲು ಅವಳು ಹಿಂತಿರುಗಿ ನೋಡಿ ಕೈಬೀಸುತ್ತಿದ್ದಳು. ನನ್ನ ಕೈಯಲ್ಲಿ ಮಣ್ಣಿರುತ್ತಿತ್ತು, ನಾನು ತಲೆ ಆಡಿಸುತ್ತಿದ್ದೆ. ಅವಳು ಬರುವವರೆಗೂ ನನಗೆ ಗೋಡೆ, ಗೇಟು, ಆ ಒಂದಡಿ ಕಲ್ಲು. ಬಂದ ಮೇಲೆ ಅವಳು ಆ ದಿನದ ಪಾಠವನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಇವತ್ತು ನಾನು ಇಷ್ಟಾದರೂ ಬರೆಯುತ್ತಿದ್ದೇನೆಂದರೆ ಅವಳು ಓದಿ ಹೇಳಿದ್ದರಿಂದ.

ಅವಳು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ, ಶಿವರಾತ್ರಿಯ ಮಾರನೆಯ ವಾರ, ಅಪ್ಪ ಉಡುತಡಿಯಿಂದ ಟ್ರ್ಯಾಕ್ಟರಿನಲ್ಲಿ ಕೆರೆಗೋಡು ತರಿಸಿದ. ಅಲ್ಲಿ ನಮ್ಮ ಗದ್ದೆಯಿತ್ತು. ಬೇಸಿಗೆಯಲ್ಲಿ ಕೆರೆ ತಗ್ಗಿದಾಗ ತಳದ ಕಪ್ಪು ಮಣ್ಣನ್ನು ಹೇರಿ ಗದ್ದೆಗೆ ಹಾಕುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆ ಮಣ್ಣಿಗಿಂತ ಒಳ್ಳೆಯ ಗೊಬ್ಬರವಿಲ್ಲ ಎಂಬುದು ನಮ್ಮವರಿಗೆ ಹಾಲಿನ ಜೊತೆಗೆ ಕುಡಿದ ಮಾತು. ಗದ್ದೆಗೆ ಅಷ್ಟು ಒಳ್ಳೆಯದು ಹುಲ್ಲಿಗೆ ಕೆಟ್ಟದ್ದಾಗಲು ಸಾಧ್ಯವೆಂದು ಅಪ್ಪನಿಗೆ ಹೊಳೆಯಲೇ ಇಲ್ಲ. ಖಾದರ್ ಸಾಬರು ಗೇಟಿನ ಹತ್ತಿರ ಸುರಿದಿದ್ದ ರಾಶಿಯಿಂದ ಒಂದು ಹೆಂಟೆ ಎತ್ತಿ, ಮುರಿದು ನೋಡಿದರು.

"ಗೋಡು ಗದ್ದೆಗೆ ಬಂಗಾರ. ಇದಕ್ಕೆ ಬ್ಯಾಡ್ರಿ. ಕೆರೆ ಅಂಚಿನಾಗೆಲ್ಲ ಜೇಕು ಇರ್ತೈತೆ, ಗಡ್ಡೆ ಮಣ್ಣಿನ ಜೊತೆ ಬಂದ್ಬಿಡ್ತೈತೆ."

"ಸಾಬ್ರೇ, ನಮ್ಮಪ್ಪ, ಅವರಪ್ಪ ಎಲ್ಲಾ ಗೋಡು ಹಾಕೇ ಉಂಡೋರು. ಅದಕ್ಕೆ ಹೆಸ್ರಿಡಬ್ಯಾಡ್ರಿ."

"ನಾ ಹೆಸ್ರಿಡಲ್ಲ. ಜರಡಿ ಆದ್ರೂ ಹಿಡೀರಿ."

ಅಪ್ಪ ಜರಡಿ ಹಿಡಿಸಲಿಲ್ಲ. ಹೆಂಟೆ ಒಡೆಸಿ, ಗೇಟಿನ ಕಡೆಯ ಅರ್ಧ ಹುಲ್ಲಿಗೆ ಹರಡಿಸಿದ. ಯುಗಾದಿಗೆ ಇನ್ನೂ ಹತ್ತು ದಿನವಿರುವಾಗ ಗರಿಕೆಯ ನಡುವೆ ಸೂಜಿಗಳು ಎದ್ದವು. ಜೇಕು ದೂರದಿಂದ ಹುಲ್ಲಿನಂತೆಯೇ ಕಾಣುತ್ತದೆ, ಇನ್ನೂ ಹೊಳಪಾಗಿ. ಆದರೆ ದಂಟು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ಕೈಗೆ ತಗಲುತ್ತವೆ. ಎಳೆದರೆ ಮೇಲಿನದು ಕಿತ್ತುಬರುತ್ತದೆ. ಕೆಳಗೆ ಕಡಲೆಕಾಳಿನಷ್ಟು ದಪ್ಪದ ಕಪ್ಪು ಗಡ್ಡೆ ಹಾಗೇ ಉಳಿದು, ದಾರದಂಥ ಬೇರು ಬಿಟ್ಟು, ಸರಕ್ಕೆ ಮಣಿ ಪೋಣಿಸಿದಂತೆ ಮತ್ತೆ ಗಡ್ಡೆ ಕಟ್ಟುತ್ತದೆ. ಅಪ್ಪ ನಮ್ಮಿಬ್ಬರನ್ನೂ ಕರೆದು ಖಾದರ್ ಸಾಬರ ಎದುರಿಗೇ, ಕಣ್ಣು ಕುರುಡಾಗಿದ್ದವಾ, ಕಳೆ ಇಷ್ಟು ಬೆಳೆಯುವವರೆಗೆ ಏನು ಮಾಡುತ್ತಿದ್ದಿರಿ ಎಂದು ಬೈದ. ನಾನು ನೆಲ ನೋಡಿದೆ. ಮಂಗಳಾ ನೋಡಲಿಲ್ಲ.

"ಅಪ್ಪಾ, ಗೋಡು ಹಾಕದ ಕಡೆ ಒಂದೂ ಹುಟ್ಟಿಲ್ಲ, ನೋಡು."

ಖಾದರ್ ಸಾಬರು ಬೇರೆ ಕಡೆ ಮುಖ ತಿರುಗಿಸಿದರು. ಅಪ್ಪ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಸಂಜೆಯೊಳಗೆ ಇಳಿದುಹೋಗುತ್ತಿತ್ತು. ಅವನು ಮೆತ್ತಗೆ ಮಾತಾಡಿದ.

"ಸಾಲ್ಯಾಗೆ ಚೆನ್ನಾಗಿ ಕಲ್ಸಿದಾರೆ. ಆಗ್ಲಿ. ಸಾಲಿ ಸುರುವಾಗೋ ದಿನ ಬೆಳಿಗ್ಗೆ ನಾನು ಬರಿಗಾಲಾಗೆ ಇದ್ರ ಮ್ಯಾಲೆ ಓಡಾಡ್ತೀನಿ. ಒಂದು ಜೇಕು ಕಾಲಿಗೆ ಸಿಕ್ಕಿದ್ರೂ ನಿನಗೆ ಹತ್ತನೇ ಕ್ಲಾಸು ಇಲ್ಲ. ಸಿಗ್ಲಿಲ್ವಾ, ಹೋಗು. ನಾ ಅಡ್ಡ ಬರಲ್ಲ."

ಅವ್ವ ಪಡಸಾಲೆಯಲ್ಲಿ ನಿಂತು ಕೇಳಿಸಿಕೊಂಡಳು. ಅಪ್ಪ ಆಡಿದ ಮಾತಿಗೆ ತಪ್ಪದವನೆಂದು ಅವಳಿಗೆ ಗೊತ್ತಿತ್ತು. "ಆಗ್ಲಿ. ಮಾತು ಅಂದ್ರೆ ಮಾತು," ಎಂದು ಒಳಗೆ ಹೋದಳು.

ಪರೀಕ್ಷೆ ಮುಗಿದ ದಿನದಿಂದಲೇ ಮಂಗಳಾ ಹುಲ್ಲಿಗೆ ಇಳಿದಳು. ಬಡಗಿಯೊಬ್ಬರಿಂದ ತಂದ ಹಳೆಯ ಉಳಿ ಅವಳ ಆಯುಧ. ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಅಂಗಳದ ಚಿತ್ರ ಬರೆದು ಚೌಕಾಬಾರದ ಹಾಗೆ ಮನೆ ಮನೆಯಾಗಿ ಭಾಗ ಮಾಡಿದಳು. ದಿನಕ್ಕೆ ಒಂದು ಮನೆ. ಜೇಕು ಮೂರನೆಯ ಎಲೆ ಬಿಡುವ ಮೊದಲೇ ಗಡ್ಡೆ ಸಮೇತ ತೆಗೆದರೆ ಹೊಸ ಗಡ್ಡೆ ಕಟ್ಟುವುದಿಲ್ಲವೆಂದು ಖಾದರ್ ಸಾಬರಿಂದ ಕೇಳಿ ತಿಳಿದುಕೊಂಡಳು. ಅಗೆದ ಪ್ರತಿ ಕುಳಿಗೂ ಬೇರೆ ಕಡೆಯಿಂದ ಗರಿಕೆಯ ಬಳ್ಳಿ ತಂದು ನೆಟ್ಟಳು, ಖಾಲಿ ಮಣ್ಣು ಕಾಣಬಾರದು ಎಂದು. ತೆಗೆದ ಗಡ್ಡೆಗಳನ್ನು ಒಂದು ಡಬ್ಬಿಗೆ ಹಾಕಿ ಬಚ್ಚಲ ಒಲೆಯಲ್ಲಿ ಸುಡುವುದು ನನ್ನ ಕೆಲಸ. ಒಲೆಯಿಂದ ಕರ್ಪೂರದಂಥ ವಾಸನೆ ಬರುತ್ತಿತ್ತು. ಬಿಸಿಲಿಗೆ ಇಬ್ಬರ ಕತ್ತೂ ಸುಟ್ಟು ಕಪ್ಪಾಯಿತು. ಮಧ್ಯಾಹ್ನ ಅವ್ವ ಮಜ್ಜಿಗೆ ತಂದು, ಚಪ್ಪಡಿಯ ಮೇಲೆ ನಿಂತು, ಕೈ ಚಾಚಿ ಕೊಡುತ್ತಿದ್ದಳು. ಆ ಎರಡು ತಿಂಗಳು ನನ್ನ ಜೀವನದಲ್ಲಿ ಚೆನ್ನಾಗಿದ್ದ ದಿನಗಳು ಎಂದು ಹೇಳಲು ನಾಚಿಕೆಯಾಗುತ್ತದೆ. ಇಡೀ ದಿನ ಅವಳು ನನ್ನ ಪಕ್ಕದಲ್ಲಿದ್ದಳು. ಮೂಲೆ ತಿರುಗಿ ಕಾಣೆಯಾಗುತ್ತಿರಲಿಲ್ಲ.

ಮೇ ತಿಂಗಳು ಅರ್ಧ ಕಳೆಯುವ ಹೊತ್ತಿಗೆ ಒಂದು ವಾರ ಪೂರ್ತಿ ಹೊಸ ಜೇಕು ಹುಟ್ಟಲಿಲ್ಲ. ಅವ್ವ ನೀಲಿ ಬಟ್ಟೆ ತಂದು ಲಂಗ ಹೊಲಿಯಲು ಕೂತಳು. ರಾತ್ರಿ ಊಟಕ್ಕೆ ಕೂತಾಗ ಮಂಗಳಾ ನನ್ನ ತಟ್ಟೆಗೆ ತನ್ನ ಪಾಲಿನ ಮೊಸರು ಹಾಕಿ ನಕ್ಕಳು.

"ಅಕ್ಕಾ, ಜೂನಿಂದ ನೀನೊಬ್ಳೇ ಇದ್ರ ಜೊತೆ ಒದ್ದಾಡ್ಬೇಕಲ್ಲೇ. ಪಾಪ."

ಅವಳು ಅಂದದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಆ "ಪಾಪ" ಕೇಳಿ ನಾನು ಮೊಸರನ್ನು ತಟ್ಟೆಯ ಅಂಚಿಗೆ ಸರಿಸಿದೆ. ಮಾರನೆಯ ದಿನ ಮಧ್ಯಾಹ್ನ ಅವಳೂ ಅವ್ವನೂ ಗಿರಣಿಗೆ ಹೋಗಿದ್ದರು. ಅಜ್ಜಿ ಒಳಗೆ ಮಲಗಿದ್ದಳು. ಅದಕ್ಕೂ ಹಿಂದಿನ ವಾರ ಅಗೆದ ಗಡ್ಡೆಗಳಲ್ಲಿ ಸುಡದೆ ಉಳಿದ ಒಂದಿಷ್ಟು ಡಬ್ಬಿಯ ತಳದಲ್ಲಿದ್ದವು. ನಾನು ಡಬ್ಬಿ ಹಿಡಿದು ಬಚ್ಚಲಿಗೆಂದು ಹೊರಟವಳು ಚಪ್ಪಡಿ ಕಲ್ಲಿನ ಮೇಲೆ ಕೂತೆ. ಒಂದು ಗಡ್ಡೆ ತೆಗೆದು ಹುಲ್ಲಿನ ಬುಡಕ್ಕಿಟ್ಟು ಹೆಬ್ಬೆರಳಿನಿಂದ ಒತ್ತಿದೆ. ಸುಲಭವಾಗಿ ಇಳಿಯಿತು. ಸರಿದು ಕೂತು ಇನ್ನೊಂದು ಒತ್ತಿದೆ. ಹುಲ್ಲಿಗೆ ಇಳಿಯಲಿಲ್ಲ, ಕಲ್ಲಿನ ಮೇಲೆಯೇ ಸರಿಯುತ್ತಾ ಸರಿಯುತ್ತಾ ಡಬ್ಬಿ ಖಾಲಿ ಮಾಡಿದೆ. ಕೈ ತೊಳೆದುಕೊಂಡು ಬಂದು ಅಕ್ಕಿ ಆರಿಸಲು ಕೂತೆ. ತಂಗಿಯ ಓದು ನಿಲ್ಲಲಿ ಎಂದು ನಾನು ಅಂದುಕೊಳ್ಳಲಿಲ್ಲ. ನನ್ನನ್ನು ಇಲ್ಲಿ ಒಬ್ಬಳನ್ನೇ ಬಿಟ್ಟು ಹೋಗುವುದು ಬೇಡ ಎಂದಷ್ಟೇ ಅಂದುಕೊಂಡೆ. ಎರಡೂ ಒಂದೇ ಎಂಬುದು ಆವತ್ತೂ ನನಗೆ ಗೊತ್ತಿತ್ತು.

ಅಗೆದು ತೆಗೆಯಲು ಸಮಯವಿತ್ತು. ಹದಿನೈದು ದಿನಕ್ಕಿಂತ ಹೆಚ್ಚೇ ಇತ್ತು. ನಾನು ಮಾಡಿದ್ದು ಇಷ್ಟೇ: ನೀರು ಬಿಡುವಾಗ ಕಲ್ಲಿನ ಪಕ್ಕದ ಅಂಚನ್ನು ಒಣಗಿಸಿದೆ. ನೀರಿಲ್ಲದಿದ್ದರೆ ಹುಟ್ಟುವುದಿಲ್ಲ, ಹುಟ್ಟದಿದ್ದರೆ ಮಾಡಿದ್ದು ಮಾಡಿದಂತಲ್ಲ ಎಂದು ಸಮಾಧಾನ ಹೇಳಿಕೊಂಡೆ. ಶಾಲೆಗೆ ವಾರವಿದ್ದಾಗ ಗುಡುಗಿ ಮಳೆ ಬಂತು. ಮೂರು ದಿನ ಬಿಟ್ಟು ಬಿಟ್ಟು ಸುರಿಯಿತು. ಗರಿಕೆ ಒಮ್ಮೆಗೇ ಹಸಿರಾಗಿ ಉಬ್ಬಿತು. ಅದರ ದಟ್ಟಣೆಯಲ್ಲಿ ಏನಿದೆಯೆಂದು ನನಗೂ ಕಾಣಲಿಲ್ಲ, ಮಂಗಳಾಗೂ ಕಾಣಲಿಲ್ಲ. ನಾನು ಹುಡುಕಲೂ ಇಲ್ಲ.

ಆ ಬೆಳಿಗ್ಗೆ ಅವಳು ಹೊಸ ಲಂಗ ತೊಟ್ಟು, ಎರಡು ಜಡೆ ಹಾಕಿಕೊಂಡು, ಪಡಸಾಲೆಯಲ್ಲಿ ನಿಂತಿದ್ದಳು. ಅಪ್ಪ ಪಂಚೆ ಮೇಲೆತ್ತಿ, ಮೊದಲು ಗೋಡು ಹಾಕಿದ ಕಡೆ ಪೂರ್ತಿ ಓಡಾಡಿದ. ಒಂದೂ ಸಿಗಲಿಲ್ಲ. ಅವನ ಮುಖ ಸಡಿಲಾಯಿತು. ಅವನು ಸೋಲಲು ತಯಾರಾಗಿದ್ದ, ಇದನ್ನು ನಾನು ಕಣ್ಣಾರೆ ಕಂಡೆ. ಇನ್ನೇನು ಕಲ್ಲಿನ ಮೇಲೆ ಹತ್ತಬೇಕು, ಅಂಚಿನಲ್ಲಿ ನಿಂತುಬಿಟ್ಟ. ಬಗ್ಗಿ ಒಂದು ದಂಟು ಕಿತ್ತು ಬೆರಳಲ್ಲಿ ಹೊರಳಿಸಿದ. ಅವ್ವನ ಕಡೆ ನೋಡಿ ಅದನ್ನು ಎತ್ತಿ ತೋರಿಸಿದ. ಗೆದ್ದ ಖುಷಿ ಅವನ ಮುಖದಲ್ಲಿರಲಿಲ್ಲ.

"ಮಾತು ಅಂದ್ರೆ ಮಾತು," ಎಂದ.

ಅವ್ವ ಈ ಸಲ ಮಾತು ಬಿಡಲಿಲ್ಲ, ಜಗಳಾಡಲಿಲ್ಲ. ಒಪ್ಪಿದವಳು ಅವಳೇ ಆಗಿದ್ದಳು. ಮಂಗಳಾಳ ಕಡೆ ತಿರುಗಿ, "ಇಷ್ಟು ದಿನ ಮಾಡಿ ಕೊನೇಗೆ ಕಣ್ಣಿಡ್ಲಿಲ್ವಲ್ಲೇ ತಾಯಿ," ಎಂದಳು. ಮಂಗಳಾ ಹೊಸ ಲಂಗದಲ್ಲೇ ಬಂದು ಕಲ್ಲಿನ ಮೇಲೆ ಕುಕ್ಕರಿಸಿ, ಹುಲ್ಲು ಸರಿಸಿ ನೋಡಿದಳು. ಜೇಕಿನ ಮೊಳಕೆಗಳು ಕಲ್ಲಿನ ಅಂಚಿನುದ್ದಕ್ಕೂ, ಕೈ ಅಳತೆಯಲ್ಲಿ, ಸಾಲಾಗಿ ನಿಂತಿದ್ದವು.

"ಅಕ್ಕಾ, ಜೇಕು ಸಾಲಾಗಿ ಹುಟ್ತೈತಾ?"

"ನೀರು ಹರಿದ ದಾರಿ ಇರ್ಬೇಕು," ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಲಂಗ ಬದಲಾಯಿಸಿಕೊಂಡು ಬಂದಳು.

ಆ ಮಳೆಗಾಲದಲ್ಲಿ ಜೇಕು ತೆಗೆಯುವ ಮನಸ್ಸು ಯಾರಿಗೂ ಇರಲಿಲ್ಲ. ಎರಡು ವರ್ಷದಲ್ಲಿ ಅದು ಗರಿಕೆಯನ್ನು ನುಂಗಿತು. ಅಪ್ಪ ಕುರ್ಚಿಯನ್ನು ಪಡಸಾಲೆಗೆ ಎಳೆದುಕೊಂಡ, ಕೊನೆಗೆ ಅಂಗಳಕ್ಕೆಲ್ಲ ಚಪ್ಪಡಿ ಹಾಸಿಸಿದ. ಅಷ್ಟರಲ್ಲಿ ನನ್ನನ್ನು ಸೊರಬಕ್ಕೆ ಕೊಟ್ಟಿದ್ದರು. ಮಂಗಳಾಳನ್ನು ಆಮೇಲೆ ಅದೇ ತಾಲ್ಲೂಕಿನ ಹೊಸಬಾಳೆಗೆ, ಗದ್ದೆ ಮನೆತನಕ್ಕೆ ಕೊಟ್ಟರು. ಅಪ್ಪ ಹೋದ, ಅಜ್ಜಿ ಹೋದಳು, ಅವ್ವನೂ ಹೋದಳು. ಹಬ್ಬಕ್ಕೆ, ಮದುವೆಗೆ, ಬಾಣಂತನಕ್ಕೆ ನಾವಿಬ್ಬರೂ ನೂರು ಸಲ ಕೂಡಿದ್ದೇವೆ. ಆ ಬೆಳಗಿನ ಮಾತು ಒಮ್ಮೆಯೂ ಬರಲಿಲ್ಲ. ಅವಳು ತರಲಿಲ್ಲ, ನಾನು ಬರಲು ಬಿಡಲಿಲ್ಲ.

ಈ ಅವರೆಕಾಯಿ ಕಾಲದಲ್ಲಿ ಹೊಸಬಾಳೆಗೆ ಹೋಗಿದ್ದೆ. ಮಂಗಳಾಳ ಮಗಳು ಚೇತನಾ ಹೈಸ್ಕೂಲಿನಲ್ಲಿ ಮೇಡಂ, ರಜೆಗೆ ಬಂದಿದ್ದಳು. ನಾನೂ ಮಂಗಳಾಳೂ ಮೊರ ಮುಂದಿಟ್ಟುಕೊಂಡು ಕಾಯಿ ಬಿಡಿಸುತ್ತಿದ್ದೆವು. ಚೇತನಾ ಉತ್ತರಪತ್ರಿಕೆ ತಿದ್ದುತ್ತಾ, ಯಾವುದೋ ಹುಡುಗಿ ಶಾಲೆ ಬಿಟ್ಟಳೆಂದು ಬೇಜಾರು ಮಾಡಿಕೊಂಡು, ನಗುತ್ತಾ ಅಂದಳು:

"ನಮ್ಮವ್ವನ ಜಾತಿ ಬಿಡು ದೊಡ್ಡವ್ವಾ. ಓದು ತಲೆಗೆ ಹತ್ತಲ್ಲ ಅಂತ ಒಂಬತ್ತಕ್ಕೇ ಕೈಮುಗಿದೋಳು."

ಮಂಗಳಾ ನಕ್ಕು, "ಹೂಂ ಕಣೇ, ನಿನ್ನಷ್ಟು ಬುದ್ಧಿ ಎಲ್ಲಿತ್ತು ನಂಗೆ," ಎಂದಳು. ಚೇತನಾ ಒಳಗೆ ಚಹಾ ಇಡಲು ಹೋದಳು. ನನ್ನ ಕೈ ನಿಂತುಹೋಗಿತ್ತು. ಇಷ್ಟು ವರ್ಷ ಬಾಯಿಗೆ ಬಾರದ್ದು ಆಗ ಬಂತು.

"ಮಂಗಳಾ, ಆ ಗಡ್ಡೆ ಒತ್ತಿದ್ದು ನಾನು."

"ಗೊತ್ತು," ಎಂದಳು, ಕಾಯಿ ಬಿಡಿಸುತ್ತಲೇ.

"ಯಾವಾಗಿಂದ?"

"ಆವತ್ತಿಂದ. ಕಲ್ಲಿನ ಮ್ಯಾಲೆ ಕೂತು ಕೈ ಚಾಚಿದ್ರೆ ಎಷ್ಟು ದೂರ ಬರ್ತೈತೋ ಅಷ್ಟೇ ದೂರದಾಗಿದ್ವು."

"ಅಪ್ಪಗೆ ಯಾಕೆ ಹೇಳ್ಲಿಲ್ಲ?"

"ನಾ ಹೇಳಿದ್ರೆ ಚಾಡಿ ಆಗ್ತಿತ್ತು. ನೀನು ಹೇಳಿದ್ರೆ ನಿಜ." ಸಿಪ್ಪೆಯನ್ನು ಬುಟ್ಟಿಗೆ ಹಾಕಿದಳು. "ಸಾಲಿಯಾಗೆ ಆ ತಿಂಗಳ ಕೊನೇತನ್ಕ ನನ್ನ ಹೆಸ್ರು ತೆಗ್ದಿರಲಿಲ್ಲ. ಜೊತೆ ಹುಡುಗಿ ಒಬ್ಳು ಗೇಟಿಗೆ ಬಂದು ಹೇಳಿ ಹೋದ್ಲು. ಮೂವತ್ತು ದಿನ ಐತಲ್ಲ, ಅಕ್ಕ ಹೇಳ್ತಾಳೆ ಅಂದ್ಕೊಂಡೆ. ರೊಟ್ಟಿ ಬಡಿಯೋವಾಗೆಲ್ಲ ನಿನ್ನ ಬಾಯಿ ನೋಡ್ತಿದ್ದೆ."

ಇಷ್ಟು ವರ್ಷ ನಾನು ಒಂದು ಮಧ್ಯಾಹ್ನದ ತಪ್ಪನ್ನು ಹೊತ್ತುಕೊಂಡಿದ್ದೇನೆ ಅಂದುಕೊಂಡಿದ್ದೆ. ಅವಳ ಲೆಕ್ಕದಲ್ಲಿ ಅದು ಮೂವತ್ತು ದಿನದ್ದಾಗಿತ್ತು. ಆ ಮೂವತ್ತು ದಿನವೂ ಅವಳ ಪಕ್ಕದಲ್ಲಿ ಕೂತು ನಾನು ರೊಟ್ಟಿ ತಿಂದಿದ್ದೆ. ಏನಾದರೂ ಕೇಳಬೇಕು, ಕಾಲು ಹಿಡಿಯಬೇಕು ಎನಿಸಿತು. ಅವಳು ಅದಕ್ಕೆ ಎಡೆ ಕೊಡಲಿಲ್ಲ.

"ನಂಗೆ ಹೇಳಿ ಏನು ಬಂತು ಈಗ? ಅವ್ವಗೆ ಹೇಳ್ಬೇಕಿತ್ತು, ಅವಳು ಹೋದ್ಲು. ಇವಳಿಗೆ ಹೇಳು. ಓದು ಹತ್ತಲಿಲ್ಲ ಅಂತ ನಾನೇ ಸುಳ್ಳು ಹೇಳಿ ಬೆಳೆಸೀನಿ, ನಿನ್ನ ಮುಖ ಉಳೀಲಿ ಅಂತ. ಮಗಳ ಬಾಯಾಗೆ ಆ ಮಾತು ಕೇಳಿ ಕೇಳಿ ಸಾಕಾಗೈತೆ ನಂಗೆ. ನಾ ಹೇಳಲ್ಲ. ನೀನೇ ಹೇಳು."

ಚೇತನಾ ಚಹಾ ತಂದಳು. ಮಂಗಳಾ ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋದಳು, ನಮ್ಮಿಬ್ಬರನ್ನು ಬಿಟ್ಟು. ಚೇತನಾ ನನ್ನ ಎದುರಿಗೆ ಕೂತು, ಏನು ದೊಡ್ಡವ್ವಾ ಬೆವರುತ್ತಿದ್ದೀಯ ಎಂದಳು. ನಾನು ಸೆಕೆ ಎಂದೆ. ಚಳಿಗಾಲದ ಸಂಜೆ ಅದು. ಊಟವಾದ ಮೇಲೆ ನನ್ನ ಚೀಲ ಹಿಡಿದುಕೊಂಡು ಅವಳೇ ರಸ್ತೆಯವರೆಗೆ ಬಂದಳು. ಬಸ್ಸು ತಡವಾಯಿತು. ಅರ್ಧ ಗಂಟೆ ನಾವಿಬ್ಬರೇ ನಿಂತಿದ್ದೆವು. ಅವಳು ಶಾಲೆ ಬಿಟ್ಟ ಆ ಹುಡುಗಿಯ ಮನೆಗೆ ಸೋಮವಾರ ಹೋಗಿ ಮಾತಾಡುತ್ತೇನೆ, ಯಾಕೆ ಬಿಟ್ಟಳೋ ಕೇಳಬೇಕು ಎನ್ನುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಬಸ್ಸು ಬಂತು, ಹತ್ತಿದೆ. ಕಿಟಕಿಯ ಪಕ್ಕ ಕೂತು ಕೈಬೀಸಿದೆ.

ಮನೆಗೆ ಬಂದು ಬಟ್ಟೆಯನ್ನೂ ಬದಲಿಸದೆ ಇದನ್ನು ಬರೆಯಲು ಕೂತೆ. ಅಕ್ಷರ ಸುಂದರವಾಗಿಲ್ಲ, ತಪ್ಪುಗಳಿರಬಹುದು. ಚೇತನಾ, ತಿದ್ದುವಾಗ ಕೆಂಪು ಶಾಯಿ ಎಷ್ಟು ಬೇಕಾದರೂ ಹಾಕು. ನಿನ್ನ ಅವ್ವನಿಗೆ ಓದು ಹತ್ತಿತ್ತು.